ಅಲ್ಪವ್ಯಯದ ಯೂರೋಪು ಯಾತ್ರೆ

ಯಾತ್ರೆಯೆಂಬ ಶಬ್ದಕ್ಕೆ ‘ಯಾ’ ಧಾತುವೂ, ವ್ಯಯವೆಂಬ ಶಬ್ದಕ್ಕೆ ‘ಇ’ ಧಾತುವೂ ಮೂಲ. ಎರಡಕ್ಕೂ ಹೋಗುವುದೆಂಬುದೇ ಅರ್ಥ. ಯಾತ್ರೆಯಲ್ಲಿ ಮನುಷ್ಯನು ಹೋಗುವನು. ವ್ಯಯದಲ್ಲಿ ಹಣವು ಹೋಗುವುದು. ಇವೆರಡೂ ಒಡನೊಡನೆಯೇ ನಡೆಯುವುವೆಂಬುದನ್ನು ವೈಯಾಕರಣರಿಗಿಂತಲೂ ಗೃಹಸ್ಥರೇ ಚೆನ್ನಾಗಿ ಬಲ್ಲರು. ಕಾಸನ್ನೆಣಿಸಿ ಕೈಬಿಚ್ಚುವುದು ಲೋಭವಲ್ಲ. ಅದು ಸಂಸಾರಿಯ ಧರ್ಮ. ಆದುದರಿಂದ ದೂರದೇಶದ ಯಾತ್ರೆಯನ್ನು ಕಡಮೆ ವೆಚ್ಚದಲ್ಲಿ ಪೂರೈಸುವ ಬಗೆಯನ್ನು ವಿಚಾರಿಸುವುದು ಈ ಪುಟಗಳಿಗೆ ಅನುಚಿತವಾಗಲಾರದೆಂದು ನಂಬಿರುವೆವು.

ಇಂದು ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಜರ್ಮನಿ, ಹಾಲೆಂಡ್, ಐರ್ಲೆಂಡ್ ಮೊದಲಾದ ದೇಶಗಳಲ್ಲಿ ಉದ್ಯೋಗದ ನಿಮಿತ್ತ ನೆಲಸಿರುವರು. ತಾಯಿತಂದೆಗಳು ಒಂದೆರಡು ತಿಂಗಳ ಮಟ್ಟಿಗೆ ಅವರಲ್ಲಿಗೆ ಹೋಗಿಬರುವುದೂ ಉಂಟು. ಹೀಗೆ ಹೋದಾಗ ಮಗನು, “ಅಪ್ಪಾ, ಇಲ್ಲಿಂದ ಇಟಲಿಗೆ ವಿಮಾನದ ಟಿಕೀಟು ಹೋಟೆಲಿನ ಒಂದು ಊಟಕ್ಕಿಂತ ಅಗ್ಗವಾಗಿ ಸಿಕ್ಕುವುದು, ಅಮ್ಮನನ್ನೂ ಕರೆದುಕೊಂಡು ಹೋಗಿಬರೋಣ” ಎನ್ನುವನು. ಇದನ್ನು ಕೇಳಿದ ಹಿರಿಯರಿಗೆ ಸಂತೋಷವೂ ಸಂಶಯವೂ ಒಮ್ಮೆಲೇ ಹುಟ್ಟುವುವು. ಇಷ್ಟು ಅಗ್ಗವಾಗಿ ಯಾರಾದರೂ ಏತಕ್ಕೆ ಕೊಟ್ಟಾರು, ಇದರಲ್ಲಿ ಏನಾದರೂ ಮೋಸವಿರಬೇಡವೆ ಎಂಬುದಾಗಿ ನಮ್ಮನ್ನು ಕೇಳಿದವರು ಹಲವರುಂಟು. ಮೋಸವಿಲ್ಲ, ಲೆಕ್ಕವಿದೆ ಎಂಬುದೇ ನಮ್ಮ ಉತ್ತರ. ಆ ಲೆಕ್ಕವನ್ನರಿತವನಿಗೆ ಲಾಭ, ಅರಿಯದವನಿಗೆ ನಷ್ಟ. ನಿವೃತ್ತಿಯ ಮೇಲೆ ಕೂಡಿಟ್ಟ ಹಣದಿಂದ ಬಾಳಿನಲ್ಲೊಮ್ಮೆ ಕೈಗೊಳ್ಳುವ ಯಾತ್ರೆಯಾದುದರಿಂದ, ಇಲ್ಲಿ ನಷ್ಟವಾದರೆ ಹಣದೊಡನೆ ಉತ್ಸಾಹವೂ ಹೋಗುವುದು. ಅದನ್ನು ಮತ್ತೆ ಗಳಿಸುವ ವಯಸ್ಸು ನಮ್ಮದಲ್ಲ.

ಮೊದಲು ಈ ಅಗ್ಗದ ಕಾರಣವನ್ನು ನೋಡೋಣ. ಹಿಂದೆ ಯೂರೋಪಿನಲ್ಲಿ ಯಾವ ಸಂಸ್ಥೆಯ ವಿಮಾನವು ಎಲ್ಲಿಂದೆಲ್ಲಿಗೆ ಹಾರಬೇಕು, ಎಷ್ಟು ದರ ತೆಗೆದುಕೊಳ್ಳಬೇಕು ಎಂಬುದನ್ನು ಸರ್ಕಾರಗಳು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡು ಗೊತ್ತುಪಡಿಸುತ್ತಿದ್ದುವು. ಯೂರೋಪಿನ ಒಕ್ಕೂಟವು 1993ರಿಂದ ಈ ಕಟ್ಟುಗಳನ್ನು ಸಡಿಲಿಸಿತು. 1997ರಿಂದ ಒಕ್ಕೂಟದ ಒಂದು ದೇಶದ ಸಂಸ್ಥೆಯು ಇನ್ನೊಂದು ದೇಶದ ಒಳಗಿನ ಊರುಗಳ ನಡುವೆಯೂ ಹಾರಲು ಅನುಮತಿ ದೊರೆಯಿತು. 1984ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ್ದ ರಯಾನೇರ್, 1995ರಲ್ಲಿ ಲಂಡನ್ನಿನ ಹೊರವಲಯದ ಲೂಟನ್ನಿನಿಂದ ಹಾರಲಾರಂಭಿಸಿದ ಈಸಿಜೆಟ್, 2004ರಲ್ಲಿ ಪೋಲೆಂಡಿನಿಂದ ಹೊರಟ ವಿಜ್ ಏರ್ ಎಂಬಿವು ಈ ಅವಕಾಶದಿಂದ ಬೆಳೆದುವು. ಇವುಗಳ ಉಪಾಯ ಸರಳವಾದುದು. ಹೆಚ್ಚುಕಡಮೆ ಒಂದೇ ಜಾತಿಯ ವಿಮಾನಗಳನ್ನಿಟ್ಟುಕೊಳ್ಳುವುದು. ಇಳಿದ ವಿಮಾನವನ್ನು ಅರ್ಧಗಂಟೆಯ ಸುಮಾರಿನಲ್ಲಿಯೇ ಮರಳಿ ಹಾರಿಸುವುದು. ಬಾಡಿಗೆ ಕಡಮೆಯಿರುವ ನಿಲ್ದಾಣಗಳನ್ನು ಹುಡುಕುವುದು. ಕುಳಿತುಕೊಳ್ಳುವ ಸ್ಥಳವೊಂದನ್ನುಳಿದು ಮಿಕ್ಕುದೆಲ್ಲಕ್ಕೂ ಬೇರೆ ಬೆಲೆಯಿಡುವುದು. ಛತ್ರದವನು ನೆಲಕ್ಕೆ ಒಂದಾಣೆ, ಚಾಪೆಗೆ ಎರಡಾಣೆ, ದೀಪಕ್ಕೆ ಮೂರಾಣೆ ಎಂದು ಹೇಳಿದಂತೆಯೇ ಸರಿ. ಚಾಪೆಯನ್ನೂ ದೀಪವನ್ನೂ ತಾನೇ ತಂದವನಿಗೆ ಮಾತ್ರ ಛತ್ರವು ಅಗ್ಗ.

ಸಂಸ್ಕೃತದಲ್ಲಿ ಉಪಸರ್ಗಗಳ ಮಹಿಮೆಯನ್ನು ಬಾಲಕರಿಗೆ ಬೋಧಿಸುವಾಗ, ಒಂದೇ ಧಾತುವು ಒಂದು ಉಪಸರ್ಗದಿಂದ ವಿಹಾರವಾಗಿ ಮತ್ತೊಂದರಿಂದ ಸಂಹಾರವಾಗುವುದನ್ನು ತೋರಿಸುವುದುಂಟು. ವಿಮಾನದ ದರಕ್ಕೂ ಇದೇ ಗತಿ. ಕಲ್ಪಿತವಾದ ಅಂಕಿಗಳಿಂದ ಒಂದು ಲೆಕ್ಕವನ್ನು ಹಾಕಿ ನೋಡೋಣ. ದಂಪತಿಗಳಿಬ್ಬರು ಹೋಗಿಬರಲು ನಾಲ್ಕು ಟಿಕೀಟು, ಒಂದಕ್ಕೆ 20 ಯೂರೋಗಳಂತೆ 80 ಆಯಿತು. ವಿಮಾನದ ಹೊಟ್ಟೆಗೆ ಹಾಕುವ ದೊಡ್ಡ ಪೆಟ್ಟಿಗೆಯೊಂದಕ್ಕೆ ಹೋಗುವಾಗ 30, ಬರುವಾಗ 30. ಇಬ್ಬರೂ ಪಕ್ಕದಲ್ಲಿಯೇ ಕುಳಿತುಕೊಳ್ಳಬೇಕೆಂದರೆ ಆಸನಕ್ಕೆ 8ರಂತೆ 32. ನಗರದಿಂದ ದೂರದ ನಿಲ್ದಾಣಕ್ಕೆ ಬಸ್ಸು ಒಬ್ಬರಿಗೆ ಒಂದು ಸಲಕ್ಕೆ 16ರಂತೆ 64. ಒಟ್ಟು 236 ಯೂರೋ. ಇನ್ನೊಂದು ಸಾಧಾರಣ ಸಂಸ್ಥೆಯವರು ಪೆಟ್ಟಿಗೆಯನ್ನೂ ಸೇರಿಸಿಕೊಂಡು, ನಗರದ ಬಳಿಯಲ್ಲಿಯೇ ಇಳಿಸುವುದಾಗಿ ಹೇಳಿ, ಟಿಕೀಟಿಗೆ 60ರಂತೆ 240 ಕೇಳಿದರೆನ್ನೋಣ. ಉಳಿದುದು ನಾಲ್ಕೇ ಯೂರೋ! ಆದರೆ ದೊಡ್ಡ ಪೆಟ್ಟಿಗೆಯನ್ನೂ ಆಸನದ ಆಯ್ಕೆಯನ್ನೂ ಬಿಟ್ಟರೆ ಮೊದಲನೆಯ ವೆಚ್ಚವು 144ಕ್ಕೆ ಇಳಿದು, 96 ಯೂರೋಗಳು ಉಳಿಯುವುವು. ಇದರಿಂದ ತಿಳಿಯತಕ್ಕ ನೀತಿಯೇನೆಂದರೆ, ಅಗ್ಗವಿರುವುದು ಟಿಕೀಟಿನಲ್ಲಲ್ಲ, ನಾವು ಹೊರುವ ಗಂಟಿನ ಗಾತ್ರದಲ್ಲಿ.

ಮುಂದಿನ ಆಸನದ ಕೆಳಗೆ ಹಿಡಿಸುವ ಸಣ್ಣ ಚೀಲವೊಂದಕ್ಕೆ ಈ ಸಂಸ್ಥೆಗಳು ಹಣ ಕೇಳುವುದಿಲ್ಲ. ಅದರ ಅಳತೆಯು ಸುಮಾರಾಗಿ 40 ಸೆಂಟಿಮೀಟರು ಉದ್ದ, 30 ಅಗಲ, 20 ದಪ್ಪ. ಸಂಸ್ಥೆಯಿಂದ ಸಂಸ್ಥೆಗೆ ಸ್ವಲ್ಪ ವ್ಯತ್ಯಾಸವುಂಟು. ನಿಲ್ದಾಣದಲ್ಲಿ ಆ ಅಳತೆಯ ಚೌಕಟ್ಟೊಂದನ್ನು ಇಟ್ಟಿರುವರು. ಚೀಲವು ಅದರೊಳಗೆ ಇಳಿಯದಿದ್ದರೆ ಅಲ್ಲಿಯೇ ತೆರಬೇಕಾದ ದಂಡವು ಟಿಕೀಟಿನ ಬೆಲೆಯನ್ನೇ ಮೀರಬಹುದು. ನಾಲ್ಕು ದಿನದ ಪ್ರವಾಸಕ್ಕೆ ಇಷ್ಟು ಚೀಲ ಸಾಲದೆ? ದೊಡ್ಡ ಪೆಟ್ಟಿಗೆಯು ಮಗನ ಮನೆಯಲ್ಲಿಯೇ ಇರಲಿ. ವಿಮಾನದ ಚೀಟಿಯನ್ನು ಮನೆಯಲ್ಲಿಯೇ ಫೋನಿಗೆ ತೆಗೆದುಕೊಳ್ಳುವುದನ್ನು ಮರೆತರೂ ಇಂತಹುದೇ ದಂಡವುಂಟು. ಭಾರತದ ಪಾಸ್‌ಪೋರ್ಟಿನವರು ಒಳಗೆ ಹೋಗುವ ಮುನ್ನ ತಮ್ಮ ಕಾಗದಪತ್ರಗಳನ್ನು ಸಂಸ್ಥೆಯ ಮೇಜಿನ ಬಳಿ ತೋರಿಸಬೇಕೆಂಬ ನಿಯಮವೂ ಕೆಲವೆಡೆ ಇರುವುದರಿಂದ, ಎರಡು ಗಂಟೆಯಾದರೂ ಮುಂಚಿತವಾಗಿ ಹೋಗತಕ್ಕದ್ದು.

ಇನ್ನು ನಿಲ್ದಾಣಗಳ ವಿಷಯ. ಪ್ಯಾರಿಸ್ ಎಂಬ ಹೆಸರು ಹೊತ್ತ ಬೋವೇ ನಿಲ್ದಾಣವು ಪ್ಯಾರಿಸ್ಸಿನಿಂದ ಸುಮಾರು 85 ಕಿಲೋಮೀಟರು ದೂರದಲ್ಲಿರುವುದು. ಫ್ರಾಂಕ್‌ಫರ್ಟಿನ ಹೆಸರು ಹೊತ್ತ ಹಾನ್ ನಿಲ್ದಾಣವು ಆ ನಗರದಿಂದ ಸುಮಾರು 120 ಕಿಲೋಮೀಟರು. ಮಿಲಾನಿನ ಬೆರ್ಗಾಮೋ ನಿಲ್ದಾಣವು ಸುಮಾರು 50. ಹೆಸರನ್ನು ನೋಡಿ ಟಿಕೀಟು ಕೊಂಡವರು ಬಸ್ಸಿನಲ್ಲಿ ಕುಳಿತು ಹಲುಬುವುದನ್ನು ನಾವು ಕೇಳಿರುವೆವು. ಆದರೆ ಇದಕ್ಕೆ ಇನ್ನೊಂದು ಮುಖವೂ ಉಂಟು. ಎಲ್ಲರೂ ಬಿಟ್ಟೋಡುವ ಆ ಸಣ್ಣ ಊರುಗಳು ತಾವೇ ನೋಡತಕ್ಕವುಗಳಾಗಿರುವುವು. ಬೆರ್ಗಾಮೋವಿನಲ್ಲಿ ಗುಡ್ಡದ ಮೇಲಿನ ಹಳೆಯ ಊರನ್ನು ವೆನಿಸ್ಸಿನ ಗಣರಾಜ್ಯದವರು 1561ರಿಂದ ಕಟ್ಟಿಸಿದ ಕೋಟೆಯ ಗೋಡೆಯು ಸುತ್ತುವರಿದಿರುವುದು. ಯುನೆಸ್ಕೋದವರು 2017ರಲ್ಲಿ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಕೆಳಗಿನಿಂದ ಮೇಲಕ್ಕೆ ಹಗ್ಗವೆಳೆಯುವ ರೈಲು 1887ರಿಂದ ಓಡುತ್ತಿರುವುದು. ಬೋವೇ ಊರಿನ ಇಗರ್ಜಿಯ ಕಥೆಯಂತೂ ಯಾವ ಪುರಾಣಕ್ಕೂ ಕಡಮೆಯಿಲ್ಲ. ಜಗತ್ತಿನಲ್ಲಿ ಅತ್ಯುನ್ನತವಾಗಿರಬೇಕೆಂದು ಸುಮಾರು 48 ಮೀಟರುಗಳ ಎತ್ತರಕ್ಕೆ ಚಾವಣಿಯನ್ನೆತ್ತಿದರು. 1284ರಲ್ಲಿ ಅದರ ಒಂದು ಭಾಗವು ಕುಸಿಯಿತು. ಸರಿಪಡಿಸಿ, ಮುಂದೆ 1569ರಲ್ಲಿ 150 ಮೀಟರನ್ನು ಮೀರಿದ ಗೋಪುರವನ್ನು ಮುಗಿಸಿದರು. ನಾಲ್ಕೇ ವರ್ಷಗಳಲ್ಲಿ ಅದೂ ಬಿದ್ದಿತು. ಮುಂಭಾಗದ ಮಂಟಪವನ್ನು ಕಟ್ಟಲು ಆಗಲೇ ಇಲ್ಲ. ಉಳಿದ ಅರ್ಧವೇ ಇಂದಿಗೂ ನೋಡುವವರನ್ನು ಬೆರಗುಗೊಳಿಸುವುದು. ಶಕ್ತಿಯನ್ನು ಮೀರಿದ ಆಸೆಗೆ ಇದಕ್ಕಿಂತ ದೊಡ್ಡ ಪಾಠವನ್ನು ಪ್ಯಾರಿಸ್ಸಿನಲ್ಲಿ ಹುಡುಕಿದರೂ ಸಿಕ್ಕಲಾರದು.

ವೀಸಾದ ಸಂಗತಿಯನ್ನು ಹೇಳದೆ ಮುಂದುವರಿಯುವಂತಿಲ್ಲ. 2025ರ ಜನವರಿಯಲ್ಲಿ ರುಮೇನಿಯ, ಬಲ್ಗೇರಿಯಗಳು ಪೂರ್ಣವಾಗಿ ಸೇರಿದಮೇಲೆ ಷೆಂಗೆನ್ ಕೂಟದಲ್ಲಿ 29 ದೇಶಗಳಾದುವು. ಒಂದು ವೀಸಾದಿಂದ ಇವುಗಳಲ್ಲಿ ಸಂಚರಿಸಬಹುದು. ಯಾವುದೇ 180 ದಿನಗಳೊಳಗೆ 90 ದಿನಗಳಿಗಿಂತ ಹೆಚ್ಚಾಗಿ ನಿಲ್ಲುವಂತಿಲ್ಲ. 2024ರ ಜೂನ್‌ನಲ್ಲಿ ವಯಸ್ಕರ ಶುಲ್ಕವನ್ನು 90 ಯೂರೋಗಳಿಗೆ ಏರಿಸಿದರು. ಕಡಮೆಯೆಂದರೆ 30,000 ಯೂರೋಗಳ ವೈದ್ಯಕೀಯ ವಿಮೆಯೂ ಕಡ್ಡಾಯ. ಹೆಚ್ಚು ದಿನ ನಿಲ್ಲುವ ದೇಶದ ಕಚೇರಿಗೆ ಅರ್ಜಿಯನ್ನು ಹಾಕತಕ್ಕದ್ದು. ಐರ್ಲೆಂಡೂ ಬ್ರಿಟನ್ನೂ ಈ ಕೂಟದಲ್ಲಿಲ್ಲ. ಅವಕ್ಕೆ ಬೇರೆ ವೀಸಾ ಬೇಕು. ಒಂದೇ ಸಲ ಪ್ರವೇಶಿಸುವ ವೀಸಾವುಳ್ಳವರು ಪ್ಯಾರಿಸ್ಸಿನಿಂದ ಅಗ್ಗದ ವಿಮಾನವೇರಿ ಲಂಡನ್ನಿಗೆ ಹೋದರೆ, ಮರಳಿ ಪ್ಯಾರಿಸ್ಸಿಗೆ ಬರಲಾಗದು. ಟಿಕೀಟು ಕೊಳ್ಳುವುದಕ್ಕೆ ಮೊದಲು ಈ ಒಂದು ಮಾತನ್ನು ವೀಸಾದ ಹಾಳೆಯಲ್ಲಿ ನೋಡಿಕೊಳ್ಳಬೇಕು.

ಮಕ್ಕಳು ಹಿರಿಯರಿಗಾಗಿ ಟಿಕೀಟು ತೆಗೆಯುವಾಗ ಬೆಲೆಯನ್ನಷ್ಟೇ ನೋಡಿ ಬೆಳಗಿನ ಆರು ಗಂಟೆಯ ವಿಮಾನವನ್ನು ಆರಿಸುವುದುಂಟು. ಆರು ಗಂಟೆಯ ವಿಮಾನಕ್ಕೆ ಮೂರು ಗಂಟೆಗೇ ಏಳಬೇಕು. ಆ ಹೊತ್ತಿನಲ್ಲಿ ರೈಲಿಲ್ಲ, ಟ್ಯಾಕ್ಸಿಗೆ ಎರಡು ಟಿಕೀಟಿನ ಹಣ. ಅನೇಕ ಕಡೆ ಬಯಲಿನಲ್ಲಿ ನಡೆದುಹೋಗಿ ಏಣಿಮೆಟ್ಟಿಲುಗಳನ್ನೇರಿ ವಿಮಾನವನ್ನು ಸೇರಬೇಕು. ಮೊಣಕಾಲು ನೋವಿರುವ ತಾಯಂದಿರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಗನಿಗೆ ಬೇಸರವಾದೀತೆಂದು ನುಂಗಿಕೊಳ್ಳುವರು. ಇಂತಹವರು ತಿಳಿಯಬೇಕಾದ ಶುಭವಾರ್ತೆಯೊಂದುಂಟು. ನಡೆಯಲು ಕಷ್ಟವಿರುವವರಿಗೆ ಗಾಲಿಕುರ್ಚಿಯ ನೆರವನ್ನು ಶುಲ್ಕವಿಲ್ಲದೆ ಒದಗಿಸಬೇಕೆಂದು ಯೂರೋಪಿನ ಒಕ್ಕೂಟವು 2006ರಲ್ಲಿ ವಿಧಿಸಿರುವುದು. ಟಿಕೀಟು ಎಷ್ಟೇ ಅಗ್ಗವಾಗಿರಲಿ, ಈ ಹಕ್ಕು ಕುಂದದು. ಹೊರಡುವುದಕ್ಕೆ 48 ಗಂಟೆಗಳ ಮೊದಲು ತಿಳಿಸಿದರೆ ಸರಿ. ಹಾಗೆಯೇ 2004ರ ನಿಯಮವೊಂದರಂತೆ, ವಿಮಾನವು ಬಹಳ ತಡವಾದರೆ ಊಟೋಪಚಾರವನ್ನೂ, ರಾತ್ರಿ ನಿಲ್ಲಬೇಕಾದರೆ ವಸತಿಯನ್ನೂ ಸಂಸ್ಥೆಯವರೇ ಕೊಡಬೇಕು. ಅವರದೇ ಕಾರಣದಿಂದ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ಮುಟ್ಟಿದಲ್ಲಿ, 1500 ಕಿಲೋಮೀಟರುಗಳವರೆಗಿನ ದಾರಿಗೆ 250 ಯೂರೋಗಳ ಪರಿಹಾರವುಂಟು. ಕೇಳದವನಿಗೆ ಯಾರೂ ಕರೆದು ಕೊಡುವುದಿಲ್ಲ. ಆದರೆ ಎರಡು ಬೇರೆ ಸಂಸ್ಥೆಗಳ ಟಿಕೀಟುಗಳನ್ನು ನಾವೇ ಹೊಂದಿಸಿಕೊಂಡು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿಹೋದರೆ, ಆ ಎರಡನೆಯದಕ್ಕೆ ಯಾರೂ ಹೊಣೆಯಲ್ಲ. ಬೆಂಗಳೂರಿಗೆ ಮರಳುವ ವಿಮಾನವಿರುವ ದಿನವೇ ಅಗ್ಗದ ವಿಮಾನವನ್ನು ನಂಬಿ ಬರಬಾರದು. ಒಂದು ರಾತ್ರಿಯನ್ನು ನಡುವೆ ಬಿಡತಕ್ಕದ್ದು.

ಬುತ್ತಿಯ ವಿಚಾರದಲ್ಲಿ ಗೃಹಿಣಿಯರಿಗೆ ಒಂದು ಮಾತು. ಹೊರದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಒಕ್ಕೂಟದೊಳಗೆ ತರಲು ಅವಕಾಶವಿಲ್ಲ. ಮೊಮ್ಮಗನಿಗೆಂದು ಕಾಸಿದ ತುಪ್ಪವೂ ಧಾರವಾಡದ ಪೇಢೆಯೂ ಸುಂಕದ ಕಟ್ಟೆಯಲ್ಲಿಯೇ ಉಳಿದಾವು. ಅವಲಕ್ಕಿ, ಚಟ್ನಿಪುಡಿಗಳು ಮಾತ್ರ ಊರೂರು ಸುತ್ತುವಾಗ ಆಪದ್ಬಂಧುಗಳು. ಉಪ್ಪಿನಕಾಯಿಯನ್ನು ಅನೇಕ ನಿಲ್ದಾಣಗಳಲ್ಲಿ ದ್ರವವೆಂದೇ ಎಣಿಸಿ, ಕೈಚೀಲದಲ್ಲಿ 100 ಮಿಲಿಲೀಟರಿಗೆ ಮೀರಿದುದನ್ನು ತೆಗೆದುಹಾಕುವರು. ಹೋಟೆಲಿಗಿಂತ ಅಡುಗೆಮನೆಯುಳ್ಳ ಬಿಡಾರವನ್ನು ಹಿಡಿದರೆ ಸಸ್ಯಾಹಾರಿಗಳಿಗೆ ಹಣವೂ ಆರೋಗ್ಯವೂ ಉಳಿಯುವುವು.

ಈಗ ಬಾಡಿಗೆ ಕಾರಿಗೆ ಬರೋಣ. ಮೊದಲ ಸೂತ್ರವೇನೆಂದರೆ, ದೊಡ್ಡ ನಗರದೊಳಗೆ ಕಾರು ಸಹಾಯವಲ್ಲ, ಶತ್ರು. ರೋಮ್, ಫ್ಲಾರೆನ್ಸ್, ಬಾರ್ಸಿಲೋನ ಮೊದಲಾದ ಊರುಗಳನ್ನು ಕಾಲಿನಿಂದಲೂ ಟ್ರಾಮು ಬಸ್ಸುಗಳಿಂದಲೂ ನೋಡಬೇಕು. ನಿಲ್ಲಿಸುವ ಜಾಗಕ್ಕೆ ತೆರುವ ಹಣವು ದಿನದ ಬಾಡಿಗೆಗೇ ಸಮನಾದೀತು. ಇಟಲಿಯ ಹಳೆಯ ಊರುಗಳಲ್ಲಿ ‘ಝಡ್. ಟಿ. ಎಲ್.’ ಎಂದು ಕರೆಯುವ ನಿರ್ಬಂಧಿತ ವಲಯಗಳುಂಟು. ಪರವಾನಗಿಯಿಲ್ಲದ ವಾಹನವು ಗಡಿಯನ್ನು ದಾಟಿದೊಡನೆ ಕ್ಯಾಮೆರವು ಸಂಖ್ಯೆಯನ್ನು ಬರೆದುಕೊಳ್ಳುವುದು. ನಮ್ಮ ಹಳೆಯ ಶಿಷ್ಯನೊಬ್ಬನು ಬಿಡಾರವನ್ನು ಹುಡುಕುತ್ತ ಒಂದೇ ಬೀದಿಯನ್ನು ಮೂರು ಸಲ ಸುತ್ತಿದನು; ಎಂಟು ತಿಂಗಳ ಮೇಲೆ ಅವನ ಮನೆಗೆ ಮೂರು ದಂಡಪತ್ರಗಳು ಬಂದುವು. ಪರದೇಶದವರಿಗೆ ಇದನ್ನು 360 ದಿನಗಳೊಳಗೆ ಕಳುಹಿಸಲು ಅಲ್ಲಿಯ ಶಾಸನವು ಅವಕಾಶ ಕೊಟ್ಟಿರುವುದು. ಚಾಲಕನ ಹೆಸರನ್ನು ತಿಳಿಸಿದ ಶ್ರಮಕ್ಕೆಂದು ಬಾಡಿಗೆಯವರೂ ಬೇರೆ ಶುಲ್ಕ ಹಿಡಿಯುವರು.

ಭಾರತದ ಲೈಸೆನ್ಸಿನಿಂದ ಕಾರನ್ನು ನಡೆಸುವವರು ಊರು ಬಿಡುವ ಮುನ್ನವೇ ಆರ್. ಟಿ. ಓ. ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆಯತಕ್ಕದ್ದು. ಅದು ಒಂದು ವರ್ಷಕ್ಕೆ ಮೀರಿ ನಡೆಯದು. ಚಾಲಕನ ಹೆಸರಿನಲ್ಲಿಯೇ ಕ್ರೆಡಿಟ್ ಕಾರ್ಡು ಇರಬೇಕು. ಅದರಲ್ಲಿ ದೊಡ್ಡದೊಂದು ಮೊತ್ತವನ್ನು ಠೇವಣಿಯಾಗಿ ತಡೆಹಿಡಿಯುವರು. ಬ್ರಿಟನ್, ಐರ್ಲೆಂಡ್, ಮಾಲ್ಟ, ಸೈಪ್ರಸ್ ಇವನ್ನುಳಿದು ಎಲ್ಲೆಡೆಯಲ್ಲಿಯೂ ರಸ್ತೆಯ ಬಲಗಡೆಯಲ್ಲಿ ನಡೆಯಬೇಕು. ಚಕ್ರವು ಎಡಕ್ಕೆ, ಗೇರು ಬಲಗೈಗೆ. ಐವತ್ತು ವರ್ಷ ಎಡಕ್ಕೆ ನಡೆಸಿದ ಕೈಯು ಆಯಾಸದ ಹೊತ್ತಿನಲ್ಲಿ ತನ್ನ ಅಭ್ಯಾಸಕ್ಕೇ ಮರಳುವುದು. ಆದುದರಿಂದ ಇಳಿದ ದಿನವೇ ಕಾರನ್ನು ಹಿಡಿಯದೆ ಒಂದು ರಾತ್ರಿ ನಿದ್ರಿಸಿ ಹೊರಡುವುದು ಕ್ಷೇಮ. ಅಲ್ಲಿಯ ಲೈಸೆನ್ಸುಳ್ಳ ಮಗನೋ ಸೊಸೆಯೋ ನಡೆಸುವುದಾದರೆ ಇನ್ನೂ ಉತ್ತಮ. ಹಿರಿಯರು ಕಿಟಕಿಯಿಂದ ನೋಡುತ್ತ ಕೂರಲಿ.

ಕಾರನ್ನು ತೆಗೆದುಕೊಳ್ಳುವ ಮೇಜಿನಲ್ಲಿ ಇನ್ನೊಂದು ವಿಮೆಯನ್ನು ಕೊಳ್ಳಿರೆಂದು ಒತ್ತಾಯಿಸುವುದುಂಟು. ಬಾಡಿಗೆಯೊಳಗೇ ಸೇರಿದ ವಿಮೆಯಲ್ಲಿ, ಹಾನಿಯಾದರೆ ಮೊದಲ ಸಾವಿರ ಎರಡು ಸಾವಿರ ಯೂರೋಗಳಷ್ಟನ್ನು ಬಾಡಿಗೆದಾರನೇ ಹೊರಬೇಕೆಂಬ ಷರತ್ತು ಸಾಮಾನ್ಯ. ಆ ಹೊಣೆಯನ್ನು ಹೊರುವ ವಿಮೆಯನ್ನು ಮನೆಯಲ್ಲಿಯೇ ಬೇರೆ ಕಂಪೆನಿಯಿಂದ ಕೊಂಡರೆ ಬಹಳ ಅಗ್ಗ. ಆದರೆ ಠೇವಣಿಯು ಆಗಲೂ ತಪ್ಪದು. ಹೊರಡುವ ಮೊದಲು ಕಾರಿನ ನಾಲ್ಕು ಮಗ್ಗುಲನ್ನೂ ಗಾಲಿಗಳನ್ನೂ ಗಾಜನ್ನೂ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು, ಹಿಂದಿರುಗಿಸುವಾಗಲೂ ಹಾಗೆಯೇ. ಟ್ಯಾಂಕು ತುಂಬಿದ ಕಾರನ್ನು ಪಡೆದು ತುಂಬಿಯೇ ಮರಳಿಸುವ ಕರಾರು ಮೇಲು. ಇಟಲಿಯಲ್ಲಿ ‘ಗಾಸೋಲಿಯೊ’ ಎಂದರೂ, ಸ್ಪೇನಿನಲ್ಲಿ ‘ಗಾಸೊಲಿಯೊ’ ಎಂದರೂ ಡೀಸೆಲ್. ‘ಗಾಸೊಲೀನ’ ಎಂದರೆ ಪೆಟ್ರೋಲು. ಒಂದು ಅಕ್ಷರದ ವ್ಯತ್ಯಾಸದಿಂದ ಯಂತ್ರವೇ ಕೆಟ್ಟೀತು! ಆಸ್ಟ್ರಿಯ, ಸ್ವಿಟ್ಜರ್ಲೆಂಡ್, ಸ್ಲೊವೇನಿಯಗಳಲ್ಲಿ ಹೆದ್ದಾರಿಗೆ ಮುಂಗಡವಾಗಿ ಸುಂಕದ ಚೀಟಿಯನ್ನು ಕೊಳ್ಳಬೇಕು. ಗಡಿ ದಾಟಲು ಬಾಡಿಗೆಯವರ ಒಪ್ಪಿಗೆಯೂ ಬೇಕು.

ಇದೆಲ್ಲವನ್ನೂ ಹೊಂದಿಸಿದ ಯಾತ್ರೆಗೆ ಒಂದು ಉದಾಹರಣೆ. ಇಟಲಿಯ ಪೀಸಾ ನಿಲ್ದಾಣವು ಊರಿಗೆ ಅಂಟಿಕೊಂಡೇ ಇರುವುದು. ಅಲ್ಲಿಳಿದು ವಾಲಿದ ಗೋಪುರವನ್ನು ನೋಡಿ, ಸುಮಾರು ಒಂದು ಗಂಟೆಯ ರೈಲಿನಲ್ಲಿ ಫ್ಲಾರೆನ್ಸಿಗೆ ಹೋಗಿ ಮೂರು ದಿನ ಕಾಲ್ನಡಿಗೆಯಲ್ಲಿಯೇ ಕಳೆಯುವುದು. ಆಮೇಲೆ ಎರಡು ಮೂರು ದಿನಕ್ಕೆ ಮಾತ್ರ ಕಾರು ಹಿಡಿದು, ರೈಲು ಮುಟ್ಟದ ಓರ್ಚ ಕಣಿವೆಯ ಹಳ್ಳಿಗಳಿಗೆ ಹೊರಡುವುದು. ಅಲ್ಲಿರುವ ಪಿಯೆಂಜ ಎಂಬ ಪುಟ್ಟ ಊರಿನಲ್ಲಿ 1405ರಲ್ಲಿ ಹುಟ್ಟಿದ ವಿದ್ವಾಂಸನೊಬ್ಬನು 1458ರಲ್ಲಿ ಎರಡನೆಯ ಪಯಸ್ ಎಂಬ ಹೆಸರಿನಿಂದ ಪೋಪನಾಗಿ, ತಾನು ಹುಟ್ಟಿದ ಹಳ್ಳಿಯನ್ನೇ ನಗರವಾಗಿ ಕಟ್ಟಿಸಿದನು. ಇವನು ತರುಣನಾಗಿದ್ದಾಗ, 1435ರಲ್ಲಿ, ಸ್ಕಾಟ್ಲೆಂಡಿಗೆ ಪಯಣಿಸಿ ಸಮುದ್ರದ ಬಿರುಗಾಳಿಯಲ್ಲಿ ಸಿಲುಕಿ, ಬದುಕಿದರೆ ದೇವಾಲಯಕ್ಕೆ ಬರಿಗಾಲಿನಲ್ಲಿ ನಡೆಯುವೆನೆಂದು ಹರಕೆ ಹೊತ್ತನು. ಹೆಪ್ಪುಗಟ್ಟಿದ ನೆಲದ ಮೇಲೆ ನಡೆದು ಹರಕೆಯನ್ನು ತೀರಿಸಿದುದರಿಂದ ಬಂದ ಕಾಲುನೋವು ಜೀವಮಾನವೆಲ್ಲ ಉಳಿಯಿತು. ಯಾತ್ರೆಗೆ ಬೆಲೆಯಿಲ್ಲದ ಕಾಲವೇ ಇರಲಿಲ್ಲ. ಯಾರು ತೆರುವರು, ಹೇಗೆ ತೆರುವರು ಎಂಬುದಷ್ಟೇ ಬೇರೆ.

ಈ ಮಾತು ಇಂದಿಗೂ ಸಲ್ಲುವುದು. ಟಿಕೀಟಿನಲ್ಲಿ ಕಾಣದ ಬೆಲೆಯೊಂದನ್ನು ಆ ಊರುಗಳ ನಿವಾಸಿಗಳು ತೆರುತ್ತಿರುವರು. ಜನಜಂಗುಳಿಯನ್ನು ತಾಳಲಾರದೆ ವೆನಿಸ್ ನಗರವು 2024ರ ಏಪ್ರಿಲ್‌ನಿಂದ ಕೆಲವು ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ ಪ್ರವೇಶಶುಲ್ಕವನ್ನು ವಿಧಿಸಿತು. ಬಾರ್ಸಿಲೋನದಲ್ಲಿ ಮನೆಬಾಡಿಗೆಗಳು ಏರಿ ಸ್ಥಳೀಯರಿಗೆ ವಾಸವೇ ದುಸ್ತರವಾಗಲು, ಅದೇ ವರ್ಷದ ಜುಲೈನಲ್ಲಿ ಕೆಲವರು ಪ್ರವಾಸಿಗಳ ಮೇಲೆ ನೀರು ಚಿಮ್ಮಿಸಿ ಪ್ರತಿಭಟಿಸಿದರು. ಆಕಾಶವು ಹೊರುವ ಹೊಗೆಯ ಭಾರವಂತೂ ಯಾರ ಲೆಕ್ಕದಲ್ಲಿಯೂ ಪೂರ್ಣವಾಗಿ ಬಾರದು. ಹೀಗೆಂದು ಹಿರಿಯರು ಮನೆಯಲ್ಲಿಯೇ ಕುಳಿತಿರಲೆಂದು ನಾವು ಹೇಳುವವರಲ್ಲ. ಅಗ್ಗವೆಂಬ ಕಾರಣಕ್ಕೆ ಹತ್ತು ದಿನಗಳಲ್ಲಿ ಆರು ನಗರಗಳನ್ನು ಮುಟ್ಟಿಬರುವುದಕ್ಕಿಂತ, ಎರಡನ್ನು ನಿಂತು ನೋಡಿದರೆ ಹಣವೂ ದೇಹವೂ ಉಳಿಯುವುವು. ಆ ಊರಿನ ಅಂಗಡಿಯವನಿಗೂ ನಾಲ್ಕು ಕಾಸು ದೊರೆಯುವುದು. ರೈಲಿನಲ್ಲಿ ನಾಲ್ಕೈದು ಗಂಟೆಗಳಲ್ಲಿ ಮುಟ್ಟುವ ಊರಿಗೆ ವಿಮಾನವನ್ನೇ ಬಯಸದಿರುವುದೂ ವಿವೇಕ. ಅತಿಥಿಯ ಸತ್ಕಾರವನ್ನು ನಮ್ಮ ಹಿರಿಯರು ವಿಸ್ತಾರವಾಗಿ ಹೇಳಿರುವರಷ್ಟೆ. ಅತಿಥಿಯಾಗಿ ಹೋದವನಿಗೂ ಒಂದು ನಡತೆಯುಂಟೆಂಬುದನ್ನು ನಾವು ಅಲ್ಲಿ ನಡೆದು ತೋರಿಸಬೇಕು.

ಸಾಲಮಾಡಿ ಹೊರಡಬೇಡಿರಿ. ಹೊರಟಮೇಲೆ ಕಾಸುಕಾಸಿಗೂ ಕೊರಗಬೇಡಿರಿ. ಎಲ್ಲಿ ಉಳಿಸಬೇಕು, ಎಲ್ಲಿ ಕೈಬಿಚ್ಚಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ: ಪೆಟ್ಟಿಗೆಯಲ್ಲಿ ಉಳಿಸಿರಿ, ನಿದ್ರೆಯಲ್ಲಿ ಉಳಿಸಬೇಡಿರಿ, ಆಸನದ ಆಯ್ಕೆಯಲ್ಲಿ ಉಳಿಸಿರಿ, ವಿಮೆಯಲ್ಲಿ ಉಳಿಸಬೇಡಿರಿ. ಮಕ್ಕಳೂ ಟಿಕೀಟಿನ ಬೆಲೆಯನ್ನು ನೋಡುವ ಮುನ್ನ ತಾಯಿಯ ಮೊಣಕಾಲನ್ನೊಮ್ಮೆ ವಿಚಾರಿಸಲಿ. ವ್ಯಾಕರಣದಲ್ಲಿ ಯಾವ ವಿಭಕ್ತಿಯಲ್ಲಿಯೂ ಬದಲಾಗದ ಪದವನ್ನು ಅವ್ಯಯವೆನ್ನುವರು. ಗಂಡಹೆಂಡಿರು ಮಕ್ಕಳೊಡನೆ ಕೂಡಿ ಕಂಡ ಒಂದು ಒಳ್ಳೆಯ ದಿನವೂ ಅಂತಹುದೇ. ಎಷ್ಟು ಸಲ ನೆನೆದರೂ ಅದು ವೆಚ್ಚವಾಗಿ ಹೋಗದು. ಅಂತಹ ಕೆಲವು ದಿನಗಳು ನಮ್ಮ ವಾಚಕರಿಗೆ ಲಭಿಸಲೆಂದು ಹಾರೈಸುವೆವು.